ಮನುಷ್ಯ ಮಾಡುವ ತಳಿ ಬದಲಾವಣೆಯೂ ನೈಸರ್ಗಿಕ ಆಯ್ಕೆಯೇ?

ಅಲ್ಲ. ಮನುಷ್ಯನೂ ನಿಸರ್ಗದ ಭಾಗ ಎಂಬ ವಾದ ಇಲ್ಲಿ ಕೆಲಸಕ್ಕೆ ಬಾರದು. ಆರಿಸುವವರು ಯಾರು ಎನ್ನುವುದೇ ಮುಖ್ಯ. ನೈಸರ್ಗಿಕ ಆಯ್ಕೆಯಲ್ಲಿ ಯಾವ ಜೀವಿ ಬದುಕಿ ಸಂತತಿ ಬೆಳೆಸಬೇಕೆಂದು ಪರಿಸರವೇ ಆರಿಸುತ್ತದೆ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಂಥ ಕಡೆ ಗಿಡ್ಡ ತೆಂಗಿನ ಹೊಂಬಾಳೆಯಿಂದ ಗಂಡು ಹೂ ಕಿತ್ತು, ಚೀಲ ಕಟ್ಟಿ, ಎತ್ತರದ ತಳಿಯ ಪರಾಗ ಹಾಕುತ್ತಾರೆ. ಹುಟ್ಟಿದ ಸಸಿಗಳಲ್ಲಿ ಯಾವುದು ಉಳಿಯಬೇಕೆಂದು ತೀರ್ಮಾನಿಸುವವರೂ ಅವರೇ. ಇದು ಕೃತಕ ಆಯ್ಕೆ. 1859ರಲ್ಲೇ ಡಾರ್ವಿನ್ ಪಾರಿವಾಳ ಸಾಕುವವರ ಉದಾಹರಣೆ ಕೊಟ್ಟು ಇದನ್ನು ವಿವರಿಸಿದ್ದ. ಕಾಸರಗೋಡು ಗಿಡ್ಡ ದನದಲ್ಲಿ ಮಾತ್ರ ಎರಡೂ ಬೆರೆತಿರಬೇಕು: ಸಾಕಿದವರು ನಾವು, ಆದರೆ ಗುಡ್ಡದಲ್ಲಿ ಮೇದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ತಾಳಿದ್ದಕ್ಕೇ ಕರು ಹಾಕುವ ಯೋಗ.

ಜೀನ್ ಸೇರಿಸುವುದಂತೂ ಆಯ್ಕೆಯೇ ಅಲ್ಲ, ಹೊಸ ವ್ಯತ್ಯಾಸ ತರುವುದಷ್ಟೆ. ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಬಿಟಿ ಹತ್ತಿ ಮಾಡಿದ್ದು ಮನುಷ್ಯ; ಅದರ ವಿಷ ತಿಂದೂ ಬದುಕಿದ ಗುಲಾಬಿ ಬಣ್ಣದ ಕಾಯಿಕೊರಕ ಹುಳದ ಸಂತತಿ ಹೆಚ್ಚಿದ್ದು ಅಪ್ಪಟ ನೈಸರ್ಗಿಕ ಆಯ್ಕೆ. ಆ ಹುಳ ಯಾರಿಗೂ ಬೇಕಿರಲಿಲ್ಲ.