ಹಿನ್ನೀರಿನ ದೋಣಿಗೆ ಮೋಟಾರ್ ಕೂರಿಸೋದು ಹೇಗೆ?

ಪ್ರಶ್ನೆ: ನಮ್ಮೂರು ತುಮರಿ ಹತ್ತಿರ, ಶರಾವತಿ ಹಿನ್ನೀರಿನ ಪಕ್ಕ. 14 ಅಡಿ ಫೈಬರ್ ದೋಣಿಗೆ ಹಳೇ 2.5 ಎಚ್‌ಪಿ ಮೋಟಾರ್ ಸಿಕ್ಕಿದೆ. ದೋಣಿಯ ಹಿಂದಿನ ಹಲಗೆ 21 ಇಂಚು ಎತ್ತರ. ಅದರ ಮೇಲೆ ಕೂರಿಸಿದರೆ ಫ್ಯಾನು ಸರಿಯಾಗಿ ಮುಳುಗುವುದೇ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಬ್ರಾಕೆಟ್ ಮಾಡಿಸಬಹುದಾ?
- ಒಬ್ಬ ಓದುಗರು, ಸಾಗರ ತಾಲ್ಲೂಕು

ಉತ್ತರ: ಧಾರಾಳವಾಗಿ ಮಾಡಿಸಿ. ಆದರೆ ಅಂಗಡಿಗೆ ಹೋಗೋ ಮೊದಲು ಟೇಪ್ ಹಿಡಿಯಿರಿ. ಫ್ಯಾನಿನ ಮೇಲ್ಗಡೆ ಅಡ್ಡಕ್ಕೆ ಒಂದು ಚಪ್ಪಟೆ ತಟ್ಟೆ ಇರುತ್ತದಲ್ವಾ, ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಮೋಟಾರ್ ಕೂರುವ ಜಾಗದಿಂದ ಆ ತಟ್ಟೆಗೆ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ ಮೋಟಾರ್) ಆದರೆ ಸುಮಾರು 15 ಇಂಚು, ಲಾಂಗ್ (ಉದ್ದ ಕಾಲಿನದು) ಆದರೆ 20. ನಿಮ್ಮದು ಶಾರ್ಟ್ ಇರಬೇಕು. ಹಾಗಿದ್ದರೆ ಬ್ರಾಕೆಟ್ಟಿನ ಹಲಗೆ ಈಗಿನದಕ್ಕಿಂತ ಆರಿಂಚು ಕೆಳಗೆ ಬರಲಿ.

ಬ್ರಾಕೆಟ್ಟಿಗೆ 40 ಎಂಎಂ ಆಂಗಲ್ (ಎಲ್ ಆಕಾರದ ಪಟ್ಟಿ) ಸಾಕು, ಕೆಳಗಿನಿಂದ ಓರೆಯಾಗಿ ಎರಡು ಆಸರೆ ಕೊಡಿಸಿ. ಮೋಟಾರ್ ಕಚ್ಚಲು 19 ಎಂಎಂ ಮರೈನ್ ಪ್ಲೈವುಡ್ ಎರಡು ಅಂಟಿಸಿ, ಅಂಚಿಗೆಲ್ಲ ಎಪಾಕ್ಸಿ ಬಳಿಯಿರಿ.

ನಿಜವಾದ ತೊಂದರೆ ಬ್ರಾಕೆಟ್ಟಿನದ್ದಲ್ಲ, ಅದನ್ನು ಹಿಡಿದಿರುವ ಫೈಬರಿನದ್ದು. ನಾನು ಮೊದಲ ಸಲ ಮಾಡಿದಾಗ ಬೋಲ್ಟಿಗೆ ರೂಪಾಯಿ ಬಿಲ್ಲೆಯಷ್ಟು ವಾಶರ್ ಹಾಕಿ ಬಿಗಿದಿದ್ದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೇಲಿನ ಎರಡು ತೂತಿನ ಸುತ್ತ ಜೇಡರ ಬಲೆಯ ಹಾಗೆ ಬಿಳಿ ಬಿರುಕು ಬಂದಿತ್ತು, ಉಗುರಿಟ್ಟರೆ ಚೂರು ಏಳುತ್ತಿತ್ತು. ಯಾಕೆಂದರೆ ಫ್ಯಾನು ಕೆಳಗಿನಿಂದ ಮುಂದಕ್ಕೆ ತಳ್ಳುತ್ತದೆ, ಮೋಟಾರಿನ ಭಾರ ಹಿಂದಕ್ಕೆ ಜಗ್ಗುತ್ತದೆ. ಎರಡೂ ಸೇರಿ ಮೇಲಿನ ಬೋಲ್ಟನ್ನೇ ಕೀಳುತ್ತವೆ. ಹಾಗಾಗಿ ದೋಣಿಯ ಒಳಗಡೆ, ಬ್ರಾಕೆಟ್ಟಿಗಿಂತ ಅಗಲವಾದ ಒಂದು ಹಲಗೆ ಕೊಟ್ಟು, ಅದರ ಮೂಲಕ 10 ಎಂಎಂ ಸ್ಟೀಲ್ ಬೋಲ್ಟ್ ಹಾಯಿಸಿ. ನೈಲಾಕ್ ನಟ್ಟೇ (ಒಳಗೆ ನೈಲಾನ್ ಬಳೆ ಇರುವ ನಟ್ಟು) ಹಾಕಿ, ಬರೀ ನಟ್ಟು ಅದುರಿ ಅದುರಿ ಸಡಿಲವಾಗುತ್ತದೆ. ತೂತಿಗೆ ಸೀಲಂಟ್ ತುಂಬೋದು ಮರೀಬೇಡಿ.

ಇನ್ನೊಂದು, ನಿಮ್ಮ ಕಡೆ ಲಿಂಗನಮಕ್ಕಿ ಅಣೆಕಟ್ಟಿನ ನೀರು ಇಳಿದ ಹಾಗೆ ಮುಳುಗಿದ ಕಾಡಿನ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ಫ್ಯಾನು ಬೊಡ್ಡೆಗೆ ಬಡಿದಾಗ ಮೋಟಾರ್ ತಾನಾಗಿ ಮೇಲಕ್ಕೆ ಏಳಬೇಕು, ಅದರ ತಲೆ ದೋಣಿಯ ಹಿಂದಿನ ಹಲಗೆಗೆ ತಾಗಿ ನಿಲ್ಲಬಾರದು. ಮೋಟಾರನ್ನು ಕೈಯಿಂದ ಪೂರ್ತಿ ಎತ್ತಿ ನೋಡಿ, ಆಮೇಲೆ ವೆಲ್ಡಿಂಗ್ ಮುಗಿಸಲು ಹೇಳಿ. ಮೋಟಾರಿಗೆ ಒಂದು ಗಟ್ಟಿ ಹಗ್ಗ ಕಟ್ಟಿ, ಆದರೆ ಅದರ ಇನ್ನೊಂದು ತುದಿ ಬ್ರಾಕೆಟ್ಟಿಗಲ್ಲ, ದೋಣಿಗೇ ಬಿಗಿದಿರುವ ಬಳೆಗೆ (ರಿಂಗಿಗೆ) ಇರಲಿ.