ಓದುಗರ ಪ್ರಶ್ನೆ: ಸೋಲಾರ್ ಇದ್ದೂ ಗೀಸರ್ ಏಕೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನ ತಾರಸಿಯಲ್ಲಿ ಸೋಲಾರ್ ವಾಟರ್ ಹೀಟರ್ ಇದೆ. ಆದರೂ ಕೆಳಗಿನ ಮನೆಯವರು ಗೀಸರ್ ಹಾಕುತ್ತಾರೆ. ಇಂಗಾಲದ ಲೆಕ್ಕದಲ್ಲಿ ಇದು ದೊಡ್ಡದೇ?

ಉತ್ತರ: ದೊಡ್ಡದೇ. 100 ಲೀಟರ್ ನೀರನ್ನು 22 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4.4 ಯೂನಿಟ್ ಕರೆಂಟ್ ಬೇಕು. ದೇಶದ ಗ್ರಿಡ್‌ನ ಸರಾಸರಿ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ದಿನಕ್ಕೆ 3 ಕಿಲೋ. ಕಟ್ಟಡದ ವರ್ಷದ ಒಟ್ಟು ಇಂಗಾಲವನ್ನು ವಾಸವಿರುವವರ ಸಂಖ್ಯೆಯಿಂದ ಭಾಗಿಸಿದರೆ ತಲಾ ತೀವ್ರತೆ, ಅಂದರೆ ಒಬ್ಬರ ಪಾಲು, ಸಿಗುತ್ತದೆ. ಚದರ ಅಡಿಯಿಂದ ಭಾಗಿಸಬೇಡಿ. ಫ್ಲ್ಯಾಟ್‌ಗಳು ಖಾಲಿಯಿದ್ದರೆ ಅಂಕಿ ಸುಮ್ಮನೆ ಚಂದ ಕಾಣುತ್ತದೆ.

ತಪ್ಪು ಸಾಮಾನ್ಯವಾಗಿ ಪೈಪಿನಲ್ಲಿರುತ್ತದೆ. ಒಳವ್ಯಾಸ 20 ಮಿ.ಮೀ. ಇರುವ 30 ಮೀಟರ್ ಪೈಪಿನಲ್ಲಿ 9 ಲೀಟರಿಗೂ ಹೆಚ್ಚು ನೀರು ನಿಂತಿರುತ್ತದೆ. ರಾತ್ರಿ ಅದು ತಣ್ಣಗಾಗುತ್ತದೆ. ಬೆಳಿಗ್ಗೆ ನಲ್ಲಿ ತಿರುಗಿಸಿದವರು ಅಷ್ಟನ್ನೂ ಮೋರಿಗೆ ಬಿಡಬೇಕು, ಇಲ್ಲವೇ ಗೀಸರ್ ಹಾಕಬೇಕು. ಪೈಪಿಗೆ ಇನ್ಸುಲೇಷನ್ ಸುತ್ತಿಸಿ, ಬಿಸಿಲು ಬೀಳುವ ಕಡೆ ಮೇಲೆ ಅಲ್ಯೂಮಿನಿಯಂ ಹೊದಿಕೆ ಇರಲಿ. ಬರೀ ಫೋಮ್ ಬಿಸಿಲಿಗೆ ಪುಡಿಯಾಗುತ್ತದೆ. ಮೊದಲ ಬಕೆಟ್ ನೀರನ್ನು ಬಟ್ಟೆ ಒಗೆಯಲು ಹಿಡಿಯಿರಿ.

ಬೋರ್‌ವೆಲ್ ಗಡಸು ನೀರಾದರೆ ಹೀಟರ್ ಒಳಗೆ ಸುಣ್ಣ ಕಟ್ಟಿ ಬಿಸಿ ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ಡೀಸ್ಕೇಲಿಂಗ್ (ಸುಣ್ಣ ತೆಗೆಸುವುದು) ಮಾಡಿಸಿ. ಬಿಸಿಲಿಲ್ಲದಾಗ ಕರೆಂಟಿನಿಂದ ನೀರು ಕಾಯಿಸುವ, ಟ್ಯಾಂಕಿನ ಬ್ಯಾಕಪ್ ಕಾಯಿಲ್‌ನ ಸ್ವಿಚ್ಚನ್ನೂ ನೋಡಿ. ರಾತ್ರಿಯಿಡೀ ಆನ್ ಇದ್ದರೆ ಬೆಳಿಗ್ಗೆ ಟ್ಯಾಂಕ್ ಆಗಲೇ ಬಿಸಿ, ಸೂರ್ಯನಿಗೆ ಕೆಲಸವೇ ಉಳಿಯುವುದಿಲ್ಲ!

ಪ್ರಶ್ನೆ: ಕರೆಂಟ್ ಹೋದಾಗ ಜನರೇಟರ್?

ಉತ್ತರ: ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಜನರೇಟರನ್ನು ಅದರ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ ಲೋಡಿನಲ್ಲಿ ಓಡಿಸಿದರೆ ಯೂನಿಟ್‌ಗೆ ಡೀಸೆಲ್ ಇನ್ನೂ ಹೆಚ್ಚು. ಕಾರಿಡಾರ್ ದೀಪಗಳಿಗೆ ಇನ್ವರ್ಟರ್ ಸಾಕು.