ರೆಸಿಸ್ಟೆನ್ಸ್ ಸೊನ್ನೆ ಅಂದ್ಮೇಲೆ ಕ್ವೆಂಚ್‌ಗೆ ಯಾಕಷ್ಟು ಹೆದರ್ತಾರೆ?

ನೀವು ಕೇಳಿದ್ದು ಸೂಪರ್‌ಕಂಡಕ್ಟರ್‌ನಲ್ಲಿ ಶಾಖಾನೇ ಹುಟ್ಟಲ್ವಲ್ಲ, ಮತ್ತೆ ಸುಡೋದು ಹೇಗೆ ಅಂತ ಅಲ್ವಾ. ಸೊನ್ನೆ ಅನ್ನೋದು ಅದು ತುಂಬಾ ತಣ್ಣಗಿರೋವರೆಗೆ ಮಾತ್ರ ಗುರು, ಬಿಸಿಯಾಗಿ ಆ ಗುಣ ಏಕಾಏಕಿ ಹೋಗಿಬಿಡೋದಕ್ಕೇ ಕ್ವೆಂಚ್ ಅನ್ನೋದು. ಫ್ರಾನ್ಸ್‌ನಲ್ಲಿ ಕಟ್ತಿರೋ ಫ್ಯೂಷನ್ ರಿಯಾಕ್ಟರ್ ಐಟರ್ ತಗೊಳ್ಳಿ, ಒಳಗಿನ ಪ್ಲಾಸ್ಮಾನ (ವಿಪರೀತ ಬಿಸಿ ಅನಿಲ) ಹಿಡಿದಿಡೋಕೆ ಉಂಗುರದಂತೆ ಜೋಡಿಸಿರೋ 18 ಟೊರಾಯ್ಡಲ್ ಕಾಯಿಲ್, ನಯೋಬಿಯಂ-ಟಿನ್ ತಂತಿ, ಸುಮಾರು ಮೈನಸ್ 269 ಡಿಗ್ರಿ, ಅದರಲ್ಲಿ 68,000 ಆಂಪಿಯರ್ ಹರಿಯೋ ಡಿಸೈನು, ಒಟ್ಟು ಸೇರಿ 41 ಗಿಗಾಜೂಲ್ ಎನರ್ಜಿ ಆ ಮ್ಯಾಗ್ನೆಟಿಕ್ ಫೀಲ್ಡ್‌ನಲ್ಲೇ ಕೂತಿರುತ್ತೆ. ಎಲ್ಲೋ ಒಂದು ಕಡೆ ತಂತಿ ಕೂದಲೆಳೆಯಷ್ಟು ಜರುಗಿ ಉಜ್ಜಿದ್ರೂ ಆ ಜಾಗ ಒಂದೆರಡು ಡಿಗ್ರಿ ಬಿಸಿ ಆಗ್ಬಹುದು, ಅಷ್ಟೇ ಸಾಕು, ಆ ತುಂಡು ಮಾಮೂಲಿ ಲೋಹ ಆಗಿಬಿಡುತ್ತೆ, ಅಲ್ಲಿಂದ ಬಿಸಿ ಪಕ್ಕಕ್ಕೆ ಹಬ್ತಾ ಹೋಗುತ್ತೆ, ಕೂತಿದ್ದ ಎನರ್ಜಿ ಅಲ್ಲೇ ಶಾಖ ಆದ್ರೆ ಕಾಯಿಲ್ ಸುಟ್ಟುಹೋಗ್ಬಹುದು.

ಅದಕ್ಕೇ ತಂತಿ ಒಳಗೆ ತಾಮ್ರ ಬೆರೆಸಿರ್ತಾರೆ, ಕರೆಂಟ್‌ಗೆ ಸ್ವಲ್ಪ ಹೊತ್ತು ಅಡ್ಡದಾರಿ ಇರ್ಲಿ ಅಂತ. ಆಮೇಲೆ ಸ್ವಿಚ್ ತೆಗೆದು ಆ ಕರೆಂಟನ್ನ ಹೊರಗಿರೋ ದೊಡ್ಡ ರೆಸಿಸ್ಟರ್‌ಗಳಿಗೆ ತಿರುಗಿಸಿ ಅಲ್ಲಿ ಶಾಖ ಮಾಡಿ ಕಳೀತಾರೆ.

ನನ್ನ ಪ್ರಕಾರ ನಿಜವಾದ ತಲೆನೋವು ಕಂಡುಹಿಡಿಯೋದು. ಕ್ವೆಂಚ್ ಶುರುವಲ್ಲಿ ಸಿಗೋ ವೋಲ್ಟೇಜ್ ಚೂರೇ ಚೂರು, ಆದ್ರೆ ಪ್ಲಾಸ್ಮಾ ಅಲುಗಾಡಿದಾಗ, ಪಲ್ಸ್ ಕೊಟ್ಟಾಗ ಫೀಲ್ಡ್ ಬದಲಾಗೋದ್ರಿಂದ ಕಾಯಿಲ್‌ನಲ್ಲಿ ಹುಟ್ಟೋ ಇಂಡಕ್ಟಿವ್ ವೋಲ್ಟೇಜ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ನಡುವಿನ ದೊಡ್ಡ ಕಾಯಿಲ್ ಆದ ಸೆಂಟ್ರಲ್ ಸೊಲೆನಾಯ್ಡ್‌ನಲ್ಲಂತೂ ಕಿಲೋವೋಲ್ಟ್ ಲೆಕ್ಕ, ಅಂದ್ರೆ ಜಾತ್ರೆ ಗದ್ದಲದಲ್ಲಿ ಪಿಸುಮಾತು ಹುಡುಕ್ದಂಗೆ. ಹಾಗಾಗಿ ಕಂಡಕ್ಟರ್ ಜೊತೆಗೇ ಸೆನ್ಸ್ ತಂತಿ ಸುತ್ತಿ ಆ ಗದ್ದಲವನ್ನ ಕಳೆದು ಉಳಿದಿದ್ದನ್ನ ಮಾತ್ರ ನೋಡ್ತಾರೆ, ಅದೂ ಒಂದೆರಡು ಸೆಕೆಂಡ್ ಹಂಗೇ ಇದ್ರೆ ಮಾತ್ರ ಡಿಸ್ಚಾರ್ಜ್, ಅಂದ್ರೆ ಕರೆಂಟನ್ನ ಆ ರೆಸಿಸ್ಟರ್‌ಗಳಿಗೆ ತಿರುಗಿಸೋದು, ಯಾಕಂದ್ರೆ ಸುಮ್ಸುಮ್ನೆ ಟ್ರಿಪ್ ಆದ್ರೆ ಮತ್ತೆ ತಣ್ಣಗೆ ಮಾಡಕ್ಕೇ ದಿನಗಟ್ಟಲೆ ಹೋಗುತ್ತೆ.